ನನ್ನ ಮೊಮ್ಮಗಳಿಗೆ ನಾನು ಕೊಟ್ಟ ದನಿ

ನನ್ನ ಮೊಮ್ಮಗಳು ಮೊದಲ ಸಲ ಮಾತಾಡಿದ್ದು ನನ್ನ ದನಿಯಲ್ಲಿ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ದೇವರಿಗೇ ಗೊತ್ತು. ಯಲಬುರ್ಗಾದ ನಮ್ಮ ಓಣಿಯವರು ನಾನು ಬರುವುದನ್ನು ಕಂಡರೆ ಸಾಕು, "ಬಂತು ನೋಡ್ರಿ ಮೊಮ್ಮಗಳ ಪುರಾಣ" ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಮಾಡಲಿ ಬಿಡಿ. ಹಿಗ್ಗು ಬಂದಾಗ ಬಾಯಿ ಮುಚ್ಚಿಕೊಂಡು ಕೂಡುವುದು ನನ್ನಿಂದಾಗದು. ಏಳು ವರ್ಷ ಒಂದು ಮಾತೂ ಆಡದ ಕೂಸು ಬಾಯಿ ತೆರೆದರೆ ಸುಮ್ಮನಿರುವ ಮುದುಕಿ ಯಾರಿದ್ದಾಳೆ?

ಕೂಸು ಹುಟ್ಟಿದಾಗ ತಡವಾಗಿ ಅತ್ತಿತು. ಅದರಿಂದ ಅವಳ ನಾಲಿಗೆ ಅವಳ ಮಾತು ಕೇಳುವುದಿಲ್ಲ. ಎಡಗೈ ಬಿಗಿದುಕೊಂಡಿದೆ, ಗೋಡೆ ಹಿಡಿದು ನಡೆಯುತ್ತಾಳೆ, ತಲೆ ತನ್ನಷ್ಟಕ್ಕೆ ತಾನೇ ಅಲುಗುತ್ತಿರುತ್ತದೆ. ಹಾಗಾಗಿ ಅವಳು ಹೌದು ಎಂದಳೋ ಅಲ್ಲ ಎಂದಳೋ ಹೇಳಲಾಗದು. ಆದರೆ ತಲೆಯ ಒಳಗಿನದು ಬಲು ಚುರುಕು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ತಮಾಷೆ ಹೇಳಿದರೆ ಎಲ್ಲರಿಗಿಂತ ಮೊದಲು ನಗುವವಳು ಅವಳು. ಬಲಗೈಯ ತೋರುಬೆರಳೊಂದು ಅವಳು ಹೇಳಿದ ಹಾಗೆ ಕೇಳುತ್ತದೆ. ಆ ಒಂದು ಬೆರಳಿಗೆ ನಾನು ಎಷ್ಟು ಸಲ ಮುದ್ದಿಟ್ಟಿದ್ದೇನೋ.

ಮೊದಲೆಲ್ಲ ಅವಳಿಗೆ ಏನು ಬೇಕೆಂದು ತಿಳಿಯುವುದೇ ನಮಗೆ ದೊಡ್ಡ ಕೆಲಸವಾಗಿತ್ತು. ನೀರಾ? ರೊಟ್ಟಿನಾ? ಹೊರಗ ಹೋಗೂಣೇನು? ಹೊಟ್ಟಿ ನೋಯ್ತೈತೇನು? ಕೇಳುತ್ತಾ ಹೋಗುವುದು, ಅವಳು ಅಳುತ್ತಾ ಹೋಗುವುದು. ಕೊನೆಗೆ ಸಿಟ್ಟು ತಾಳಲಾರದೆ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು. ಕಚ್ಚಿ ಕಚ್ಚಿ ಅಲ್ಲಿನ ಚರ್ಮ ಎತ್ತಿನ ಹೆಗಲಿನಂತೆ ಗಡುಸಾಗಿತ್ತು.

ಕೊಪ್ಪಳದಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ಒಬ್ಬ ಮೇಡಂ ಇದ್ದಾರೆ. ಅವರು ಹೇಳಿದ ಮೇಲೆ, ಗಿಣಿಗೇರಾದ ಕಾರ್ಖಾನೆಯಲ್ಲಿ ದುಡಿಯುವ ನನ್ನ ಮಗ ಒಂದು ಟ್ಯಾಬ್ ಕೊಂಡು ತಂದ. ಅದರೊಳಗೆ ಯಾವುದೋ ದೇಶದ ಕಂಪನಿ ಮಾಡಿದ ಒಂದು ಆಪ್ ಹಾಕಿಸಿದರು. ತೆರೆದರೆ ಸಣ್ಣ ಸಣ್ಣ ಚೌಕ, ಒಂದೊಂದರಲ್ಲಿ ಒಂದು ಚಿತ್ರ. ಮುಟ್ಟಿದರೆ ಆ ಚಿತ್ರದ ಮಾತು ಕೇಳಿಸುತ್ತದೆ.

"ಇದರಾಗ ಮನಿಯವರ ದನಿನೂ ತುಂಬಬಹುದ್ರಿ. ಕೂಸಿಗೆ ಯಾರ ದನಿ ಭಾಳ ಸೇರ್ತೈತಿ?" ಎಂದು ಮೇಡಂ ಕೇಳಿದರು.

ಸೊಸೆ ನನ್ನ ಕಡೆ ಬೆರಳು ಮಾಡಿದಳು. ನಮ್ಮ ಮನೆಯವರು ಕೈ ಮುಗಿದರು.

"ಈಕಿ ದನಿನಾ? ಬ್ಯಾಡ್ರಿ ಮೇಡಂ. ಇರೋ ಒಂದರಿಂದನ ನನ್ನ ಕಿವಿ ತೂತಾಗ್ಯಾವು, ಇನ್ನೊಂದು ಹುಟ್ಟಸಬ್ಯಾಡ್ರಿ."

ಅವರದು ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆಯ ಸಣ್ಣ ಅಂಗಡಿ. ಮಂಡಕ್ಕಿ ಚೀಲಗಳನ್ನೆಲ್ಲ ನಮ್ಮ ಮನೆಯ ಒಳಕೋಣೆಯಲ್ಲಿ ಒಟ್ಟಿರುತ್ತಾರೆ. ಆ ಚೀಲಗಳ ನಡುವೆ ಹೊರಗಿನ ಗದ್ದಲ ಕೇಳಿಸುವುದಿಲ್ಲವೆಂದು ನಾನು, ಸೊಸೆ ಅಲ್ಲಿಯೇ ಬಾಗಿಲು ಹಾಕಿಕೊಂಡು ಕೂತೆವು. ಅವಳು ಒಂದೊಂದೇ ಚಿತ್ರ ತೋರಿಸುವಳು, ನಾನು ಹೇಳುವೆ. ಮೊದಲು ನಾನು ಪುಸ್ತಕ ಓದುವವಳ ಹಾಗೆ "ನೀರು ಬೇಕು" ಎಂದು ನಿಧಾನವಾಗಿ ಹೇಳಿದೆ.

"ಅತ್ತಿ, ಸಾಲ್ಯಾಗ ನಿಂತಂಗ ಯಾಕ ನಿಂತೀರಿ? ದಿನಾ ಮಾತಾಡಿದಂಗ ಆಡ್ರಿ. ಮೇಡಂ ಹಂಗ ಹೇಳ್ಯಾರ."

ಸಾಲಿಯಲ್ಲಿ ನಾನು ನಿಂತದ್ದೇ ನಾಲ್ಕನೆಯ ಇಯತ್ತೆಯವರೆಗೆ. ಸರಿ, ದಿನದ ಹಾಗೆಯೇ ಆಡಿದೆ. ನೀರ ಕೊಡ. ರೊಟ್ಟಿ. ಮಿರ್ಚಿ. ಬ್ಯಾಡ. ಸಾಕು. ನೋವಾಗ್ತೈತಿ. ಸಿಟ್ಟು ಬಂದೈತಿ. ಆಯಿ, ಅಂದರೆ ನಾನು, ಅಜ್ಜಿ. ಅಷ್ಟರಲ್ಲಿ ಮೀಸೆಯ ಮುದುಕನ ಚಿತ್ರ ಬಂತು.

"ಈಗ ಮಾವನ್ನ ಕರೀರಿ" ಎಂದಳು ಸೊಸೆ.

ಮದುವೆಯಾಗಿ ಬಂದ ದಿನದಿಂದ ಅವರನ್ನು ಹೆಸರು ಹಿಡಿದು ಕರೆದವಳಲ್ಲ ನಾನು. ಹೇಗೆ ಕರೆಯುತ್ತೇನೋ ಹಾಗೆ ಗಟ್ಟಿಯಾಗಿ ಕರೆದೆ: "ಏನ್ರೀ, ಇಲ್ಲಿ ಬರ್ರಿ!"

ಹಿತ್ತಲಲ್ಲಿ ಕಡಲೆಹಿಟ್ಟು ಕಲಸುತ್ತಿದ್ದವರು ಕೈತುಂಬ ಹಿಟ್ಟು ಮಾಡಿಕೊಂಡು ಬಂದು ಬಾಗಿಲು ನೂಕಿ, "ಏನ್ ಬೇ?" ಎಂದರು. ಅದೂ ಒಳಗೆ ಸೇರಿಕೊಂಡಿತು. ಸೊಸೆ ನಕ್ಕು ನಕ್ಕು ಮಂಡಕ್ಕಿ ಚೀಲದ ಮೇಲೆ ಬಿದ್ದಳು. ಅಜ್ಜನನ್ನು ಕರೆಯುವ 'ಮುತ್ತ್ಯಾ' ಇರಬೇಕಾದ ಜಾಗದಲ್ಲಿ ಹೆಂಡತಿಯ ಕೂಗು, ಗಂಡನ ಓಗೊಡುವಿಕೆ ಎರಡೂ ಕೂತವು. ಅಳಿಸಲು ನಮಗೆ ಮನಸ್ಸಾಗಲಿಲ್ಲ.

ಕೂಸು ಮೊದಮೊದಲು ಸುಮ್ಮನೆ ಒತ್ತುತ್ತಿದ್ದಳು. ರೊಟ್ಟಿ ರೊಟ್ಟಿ ರೊಟ್ಟಿ, ಸಾಕು ಸಾಕು. ಗೋಲಿ ಆಡಿದ ಹಾಗೆ. ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆಯುತ್ತಿದ್ದೆ. ಮನೆಯವರು ಊಟ ಮಾಡಿ ಕಟ್ಟೆಯ ಮೇಲೆ ಅಡ್ಡಾಗಿದ್ದವರು ಎದ್ದು ಬಂದು, "ಯಾಕ ಕರದಿ?" ಎಂದರು.

"ನಾ ಎಲ್ಲಿ ಕರದೆ?"

"ಈಗ ಒದರಿದ್ಯಲ್ಲ, ಓಣಿಗೆಲ್ಲ ಕೇಳೂವಂಗ."

"ನಿದ್ದಿಗಣ್ಣಾಗ ಯಾರ ಕರದ್ರೋ ನಿಮ್ಮನ್ನ! ನನಗ ಬ್ಯಾರೆ ಕೆಲಸಿಲ್ಲೇನು?"

ಮಾತಿಗೆ ಮಾತು ಬೆಳೆಯುವಷ್ಟರಲ್ಲಿ ಒಳಗಿಂದ ನನ್ನದೇ ಕೂಗು ಬಂತು. ಏನ್ರೀ, ಇಲ್ಲಿ ಬರ್ರಿ! ಹಿಂದೆಯೇ ಅವರ 'ಏನ್ ಬೇ?' ಕೂಡ. ಇಬ್ಬರೂ ಓಡಿದೆವು. ಕೂಸು ಗೋಡೆಗೆ ಒರಗಿ ಕೂತು ಬಾಯಿ ತುಂಬ ನಗುತ್ತಿತ್ತು. ತನ್ನ ಮುತ್ತ್ಯಾನನ್ನು ನೋಡಿ, ಬೆರಳು ಎತ್ತಿ, ಇನ್ನೊಂದು ಚೌಕ ಮುಟ್ಟಿದಳು. "ಮಿರ್ಚಿ."

ಅವರು ಹೋಗಿ ಒಲೆ ಹಚ್ಚಿದರು. ಎಣ್ಣೆ ಕಾಯುವ ಮೊದಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಳಿದರೆ ಹೊಗೆ ಎಂದರು. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ?

ಅಲ್ಲಿಂದ ಅವಳ ಮಾತಿಗೆ ತಡೆಯಿರಲಿಲ್ಲ. ಟ್ಯಾಬ್ ಹೊಸದಾದಾಗ ಕಣ್ಣಿಟ್ಟು ಹುಡುಕುತ್ತಿದ್ದವಳು ಬರಬರುತ್ತಾ ನೋಡದೆಯೇ ಮುಟ್ಟುತ್ತಿದ್ದಳು. ಕತ್ತಲಲ್ಲಿ ನಾನು ಒಲೆಯ ಹತ್ತಿರದ ಉಪ್ಪಿನ ಡಬ್ಬಿ ಹುಡುಕುವ ಹಾಗೆ, ಯಾವ ಮಾತು ಎಲ್ಲಿದೆ ಎಂದು ಆ ಬೆರಳಿಗೇ ಗೊತ್ತಿತ್ತು. ನಾನಂತೂ ಟ್ಯಾಬಿನ ಕಡೆ ಕಣ್ಣು ಹಾಕುತ್ತಿರಲಿಲ್ಲ. ಯಾಕೆ ಹಾಕಲಿ? ಮಾತು ಕಿವಿಗೆ ಬೀಳುತ್ತದೆ, ನಾನು ಅವಳ ಮುಖ ನೋಡುತ್ತೇನೆ. ಮಾತಾಡುವವರ ಮುಖವನ್ನಲ್ಲವೇ ನೋಡುವುದು.

ಒಂದು ಬೆಳಿಗ್ಗೆ ರೊಟ್ಟಿ ಬೇಯಿಸುವಾಗ ಹಂಚು ತಗುಲಿ ನನ್ನ ಕೈ ಸುಟ್ಟಿತು. ನಾನು ತುಟಿ ಕಚ್ಚಿ ರೊಟ್ಟಿ ತಿರುವಿ ಹಾಕಿದೆ. ಹಿಂದಿನಿಂದ ನನ್ನ ದನಿ ಕೇಳಿತು: "ಆಯಿ. ರೊಟ್ಟಿ. ನೋವಾಗ್ತೈತಿ." ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಮೂರು ಮಾತು ತಾನೇ ಹುಡುಕಿ ತಾನೇ ಜೋಡಿಸಿ ನನ್ನ ನೋವನ್ನು ನನಗೆ ಕೇಳಿಸಿದಳು. ಆ ದಿನ ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿಕೊಂಡು ಓಣಿ ಸುತ್ತಿ ಬಂದೆ. ಸುಟ್ಟ ಕೈ ಉರಿಯುತ್ತಿದೆ ಎಂಬುದೇ ಮರೆತಿತ್ತು.

ಕುಷ್ಟಗಿಯಲ್ಲಿ ನನ್ನ ತಂಗಿಯ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಮಂದಿ ತುಂಬಿದ್ದರು. ಬೀಗರ ಕಡೆಯ ಹೆಂಗಸೊಬ್ಬಳು ಎಲ್ಲರೆದುರಿಗೆ ಚುಚ್ಚಿದಳು: "ಅಲ್ಲಕ್ಕಾ, ಇದು ಮೊಮ್ಮಗಳು ಮಾತಾಡಿದಂಗೋ, ನೀನ ಡಬ್ಬ್ಯಾಗ ಕುಂತು ಮಾತಾಡಿದಂಗೋ? ನಿನ್ನ ಬಾಯಿ ಒಂದು ಸಾಲಲಿಲ್ಲಂತ ಎರಡು ಮಾಡಿಸಿಯೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕೂಸು ಆಕೆಯ ಮುಖವನ್ನೇ ನೋಡುತ್ತಾ ಒತ್ತಿದಳು: "ಸಾಕು." ಆಮೇಲೆ, "ಸಿಟ್ಟು ಬಂದೈತಿ."

ಪಡಸಾಲೆಯೆಲ್ಲ ನಕ್ಕಿತು. ಚುಚ್ಚಿದವಳೂ ನಕ್ಕಳು. "ತಪ್ಪಾತವ್ವಾ ತಪ್ಪಾತು, ಖರೇನ ಆಯಿ ಮೊಮ್ಮಗಳ ನೀನು" ಎಂದು ಕೂಸಿನ ಗಲ್ಲ ಹಿಡಿದಳು. ಬಸ್ಸಿನಲ್ಲಿ ಬರುವಾಗ ಕಂಡಕ್ಟರನಿಗೂ ಇದನ್ನು ಹೇಳಿದೆ. ಆಮೇಲೆ ಬಹಳ ದಿನ ಕೂಸು ಮಣಿಕಟ್ಟು ಕಚ್ಚಿಕೊಳ್ಳಲಿಲ್ಲ. ಆ ಗಡುಸು ಚರ್ಮ ಮೆತ್ತಗಾಗತೊಡಗಿತ್ತು. ನಾನು ದಿನವೂ ಮುಟ್ಟಿ ನೋಡುತ್ತಿದ್ದೆ.

ಒಂದು ಐತವಾರ ಬೆಳಿಗ್ಗೆ ಚಾರ್ಜಿಗೆ ಹಾಕಿದ್ದ ಟ್ಯಾಬಿನಲ್ಲಿ ಒಂದು ಚಕ್ರ ತಿರುಗುತ್ತಾ ನಿಂತಿತ್ತು. ಬಹಳ ಹೊತ್ತು ತಿರುಗಿತು. ನಿಂತ ಮೇಲೆ ಬಣ್ಣಬಣ್ಣವಾಗಿ ತೆರೆಯಿತು. ಚಿತ್ರಗಳೆಲ್ಲ ಬೇರೆ, ಜಾಗಗಳೆಲ್ಲ ಬೇರೆ. ರೈಲು ನಿಲ್ದಾಣದಲ್ಲಿ ಗಾಡಿ ಬರುವುದನ್ನು ಹೇಳುತ್ತಾಳಲ್ಲ, ಅಂಥ ಒಬ್ಬಳ ದನಿ ನಮಸ್ಕಾರ ಹೇಳಿತು. ಕೂಸು ಬೆಚ್ಚಿ ಬಾಗಿಲ ಕಡೆ ನೋಡಿದಳು, ಯಾರು ಬಂದರೆಂದು.

ಆಮೇಲೆ ಬೆರಳು ಎತ್ತಿ ಒತ್ತಿದಳು. "ಶಾಲೆ" ಎಂದಿತು ಆ ದನಿ. ಮತ್ತೆ ಒತ್ತಿದಳು. "ಶಾಲೆ."

"ಇವತ್ತ ಐತವಾರವ್ವಾ, ಸಾಲಿ ಇಲ್ಲ" ಎಂದಳು ಸೊಸೆ.

ಕೂಸು ಜೋರಾಗಿ ಒತ್ತಿದಳು. ಶಾಲೆ, ಶಾಲೆ. ನಾನು ಹಿಗ್ಗಿ, "ನೋಡು ಬೇ, ಸುಟಿ ದಿನಾನೂ ಸಾಲಿಗೆ ಹೋಗ್ಬೇಕಂತ! ಎಂಥಾ ಶಾಣ್ಯಾಕಿ!" ಎಂದು ಅವಳ ಸಮವಸ್ತ್ರ ತಂದು ತೊಡಿಸಿದೆ. ತಲೆ ಬಾಚಿ ರಿಬ್ಬನ್ ಕಟ್ಟಿದೆ. ರಿಬ್ಬನ್ ಕಟ್ಟಿಸಿಕೊಳ್ಳುತ್ತಲೇ ಅವಳು ಮಣಿಕಟ್ಟು ಬಾಯಿಗೆ ಹಾಕಿಕೊಂಡಳು. ಆಮೇಲೆ ತೆವಳಿಕೊಂಡು ಹೋಗಿ ಕೊಡದ ಹತ್ತಿರ ಬಿದ್ದುಕೊಂಡಳು. ಅವಳಿಗೆ ಬೇಕಿದ್ದದ್ದು ನೀರು. ನೀರು ಮೊದಲಿದ್ದ ಜಾಗದಲ್ಲಿ ಈಗ ಶಾಲೆ ಇತ್ತು.

ಮೇಡಂಗೆ ಫೋನ್ ಮಾಡಿದೆವು. ಅವರ ದನಿಯೂ ಬಿದ್ದುಹೋಗಿತ್ತು.

"ಇಲ್ಲಿ ಬರೋ ಎಲ್ಲಾ ಮಕ್ಕಳದೂ ಹಂಗ ಆಗೈತ್ರಿ ಆಯಿ. ಆ ಕಂಪನಿನ ಇನ್ನೊಂದು ಕಂಪನಿ ಕೊಂಡೈತಂತ. ಹಳೇದನ್ನ ಅಲ್ಲಿಂದನ ಬಂದ್ ಮಾಡಿ ತಮ್ಮದನ್ನ ಹಾಕ್ಯಾರ."

"ನನ್ನ ದನಿ ಎಲ್ಲಿ ಹೋತ್ರಿ?"

"ಹೊಸಾದ್ರಾಗ ಮನಿ ದನಿ ತುಂಬೂದನ್ನ ತಗದಾರ್ರಿ."

"ಹೋಗ್ಲಿ, ನೀರು ರೊಟ್ಟಿ ಆದ್ರೂ ಮೊದಲಿದ್ದ ಜಾಗಕ್ಕ ಇಡ್ರಿ. ಆಕಿ ಬೆರಳಿಗೆ ಅದ ಗೊತ್ತೈತಿ."

"ಜಾಗ ಬದಲಿ ಮಾಡಾಕ ನಮಗ ಬಿಡೂದಿಲ್ರಿ."

"ನಮ್ಮ ಮನ್ಯಾಗಿನ ಸಾಮಾನು, ನಮ್ಮನ್ನ ಒಂದು ಮಾತು ಕೇಳಬಾರದ್ರಿ?"

"ಮೊದಲ ದಿನ 'ಒಪ್ಪಿಗೆ' ಅಂತ ಒತ್ತಿದ್ವಲ್ರಿ. ಕೇಳಿದ್ದು ಅದರಾಗ ಬಂತಂತ."

ಮೇಡಂ ಆ ಕಂಪನಿಗೆ ಬರೆದಿದ್ದರು. ಬರೆದದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು. ಮತ್ತೆ ಬರೆದರು. ಅದೇ ಧನ್ಯವಾದ ಮತ್ತೆ ಬಂತು.

ಮನೆಯವರು ಅವತ್ತು ಅಂಗಡಿ ತೆಗೆಯಲಿಲ್ಲ. ಕಟ್ಟೆಯ ಮೇಲೆ ಕೂತು ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು: "ನಾ ಮಿರ್ಚಿ ಮಾರಿದ ಮ್ಯಾಲ ಗಿರಾಕಿ ಹೊಟ್ಯಾಗ ಕೈ ಹಾಕಿ ತಿರಗಿ ತಕ್ಕೊಂಡ ಬರಾಕ ಬರ್ತೈತೇನು? ಇವರಿಗೆ ಹ್ಯಾಂಗ ಬರ್ತೈತಿ?" 

ಗಂಗಾವತಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಸಾಬರು ಕೆಟ್ಟದ್ದನ್ನೆಲ್ಲ ಎಬ್ಬಿಸಿ ಕೂಡಿಸುತ್ತಾರೆಂದು ಕೇಳಿ, ಕೂಸನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿ ಕೂತಿದ್ದವು. ಕೂಸು ಕಿಟಕಿಯ ಗಾಜಿಗೆ ಮೂಗು ಹಚ್ಚಿ ನೋಡಿದಳು, ತಿರುಗಿ ನನ್ನನ್ನು ನೋಡಿದಳು, ಖಾಲಿ ತೊಡೆಯ ಮೇಲೆ ಬೆರಳು ಆಡಿಸಿದಳು. ಏನೋ ಹೇಳಬೇಕಿತ್ತು.

ಆ ಸಾಬರು ನನ್ನ ಮಗನ ವಯಸ್ಸಿನವರು. ಸ್ಟೂಲು ಹಾಕಿ ಕೂಡಿಸಿದರು. ಬಹಳ ಹೊತ್ತು ಕೂತು ಎಲ್ಲಿಂದಲೋ ಹಳೆಯ ಆಪ್ ಹುಡುಕಿ ಒಳಗೆ ಹಾಕಿದರು. "ಚಾಚಿ, ನಿಮ್ಮ ದನಿ ಎಲ್ಲೂ ಹೋಗಿಲ್ಲ. ಇದರ ಹೊಟ್ಯಾಗ ಇನ್ನೂ ಐತಿ" ಎಂದರು. ನನಗೆ ಜೀವ ಬಂದಂತಾಯಿತು. ತೆರೆದರು. ತೆರೆಯಿತು! ಅದೇ ಚೌಕಗಳು. ಕೂಸು ಎಲ್ಲಿ ನೋಡುತ್ತಿದ್ದಳೋ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ಹಾರಿ ಹೋಗಿ ಒತ್ತಿತು.

"ಏನ್ರೀ, ಇಲ್ಲಿ—"

ಅಲ್ಲಿಗೆ ಕಡಿಯಿತು. ತೆರೆ ಬೆಳ್ಳಗಾಗಿ ಏನೋ ನಾಲ್ಕು ಸಾಲು ಬಂದವು. ಕೂಸು ನಗುತ್ತಾ ಉಳಿದದ್ದಕ್ಕೆ ಕಾಯುತ್ತಿದ್ದಳು. ಬೆರಳನ್ನು ತೆಗೆದಿರಲಿಲ್ಲ.

ಸಾಬರು ಮತ್ತೆ ಮತ್ತೆ ಮಾಡಿದರು. ಆಮೇಲೆ ಅದು ಒಂದು ಸಲವೂ ತೆರೆಯಲಿಲ್ಲ.

"ಏನ್ ಕೆಟ್ಟೈತಪ್ಪಾ?"

"ಏನೂ ಕೆಟ್ಟಿಲ್ಲ ಚಾಚಿ. ಮಾಲ್ ಪೂರಾ ಛಲೋ ಐತಿ. ಅದು ತೆರಿಯೂ ಮುಂದ ತನ್ನ ಮಾಲಕರನ್ನ ಕೇಳ್ತೈತಿ. ಅವರು ಬ್ಯಾಡ ಅಂತಾರ, ಮುಚ್ಚತೈತಿ."

"ಮಾಲಕರು ನಾವಲ್ಲೇನು? ನನ್ನ ಮಗ ಕೊಂಡಾನ."

"ಕೊಂಡೀರಿ. ಕೀಲಿ ಅವರ ಕಡೆ ಐತಿ."

"ಹಂಗಾದ್ರ ನೆಟ್ ತಗದಬಿಡು. ಕೇಳಾಕ ದಾರೀನ ಇರಬಾರ್ದು."

"ಅದೂ ಮಾಡಿದೆ. ನೆಟ್ ಹಚ್ಚಿದ್ರ ಮಾತ್ರ ತೆರಿತೀನಿ ಅಂತೈತಿ."

"ಅವರು ಎಲ್ಲಿ ಅದಾರ ಹೇಳು. ನಾ ಹೋಗಿ ಕೈ ಮುಗಿತೀನಿ. ಹೆಣ್ಣಮಕ್ಕಳ ಕಷ್ಟ ಕೇಳಿದ್ರ ಯಾರಾದ್ರೂ ಕರಗ್ತಾರ."

ಅವರು ನನ್ನ ಮುಖ ನೋಡಿದರು. "ಅಲ್ಲಿ ಮನಷ್ಯಾರು ಇದ್ದಾಂಗ ಕಾಣೂದಿಲ್ಲ ಚಾಚಿ" ಎಂದು ಟ್ಯಾಬನ್ನು ಒರೆಸಿ ನನ್ನ ಕೈಗೆ ಕೊಟ್ಟರು. ನನ್ನ ದನಿ ಅದರ ಹೊಟ್ಟೆಯಲ್ಲಿದೆ, ಟ್ಯಾಬ್ ನನ್ನ ಕೈಯಲ್ಲಿದೆ, ನನಗೆ ಅದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಬಸ್ಸಿನಲ್ಲಿ ಅದನ್ನು ಕಿವಿಗೆ ಹಿಡಿದು ನೋಡಿದೆ. ಹುಚ್ಚುತನ, ಗೊತ್ತು.

ಹೊಸ ಜಾಗಗಳನ್ನು ಮೊದಲಿನಿಂದ ಕಲಿಸೋಣ ಎಂದರು ಮೇಡಂ. ಕಲಿಸಿದೆವು. ಕೂಸು ಕಲಿಯಲಿಲ್ಲ. ಹಳೆಯ ಜಾಗ ಒತ್ತಿ, ಬೇರೆ ಮಾತು ಕೇಳಿ, ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ತಪ್ಪು ಬೆರಳಿನದು ಎಂದುಕೊಂಡಳು. ನನ್ನ ಸಂಕಟ ಇದೇ. ಟ್ಯಾಬಿನೊಳಗೆ ಯಾರೋ ಕೈ ಹಾಕಿದ್ದಾರೆ ಎಂದು ಅವಳಿಗೆ ಹೇಗೆ ತಿಳಿಸುವುದು? ನನಗೇ ಸರಿಯಾಗಿ ತಿಳಿಯದ್ದನ್ನು? ಆ ರೈಲಿನ ದನಿ ಬಂದಾಗಲೆಲ್ಲ ಬಾಗಿಲ ಕಡೆ ನೋಡುವುದನ್ನೂ ಬಿಡಲಿಲ್ಲ. ದಿನ ಕಳೆದಂತೆ ಒತ್ತುವುದು ಕಡಿಮೆಯಾಯಿತು. ಮಣಿಕಟ್ಟಿನ ಚರ್ಮ ಮತ್ತೆ ಗಡುಸಾಯಿತು.

ಮೊನ್ನೆ ಮೊನ್ನೆಯ ಮಾತು. ಮನೆಯವರು ಅಂಗಡಿಗೆ ಹೋಗಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ಕೂಸು ತಾನಾಗಿಯೇ ಟ್ಯಾಬನ್ನು ಹತ್ತಿರ ಎಳೆದುಕೊಂಡಳು. ಮೂರು ಚೌಕ ಒತ್ತಿದಳು. "ನಾಯಿ. ಕೆಂಪು. ಮುಗಿಯಿತು" ಎಂದಿತು ಆ ದನಿ. ಕೂಸು ನನ್ನ ಮುಖ ನೋಡಿದಳು. ಮತ್ತೆ ಅದೇ ಮೂರು, ಅದೇ ಕ್ರಮದಲ್ಲಿ. ಮತ್ತೆ.

ಹಳೆಯ ಜಾಗಗಳನ್ನೇ ಒತ್ತುತ್ತಿದ್ದಾಳೆ ಎಂದು ಹೊಳೆಯಿತು. ಸುಳ್ಳು ಯಾಕೆ ಹೇಳಲಿ, ಆಗಲೂ ಮೊದಲು ಬಂದದ್ದು ಹಿಗ್ಗೇ. ಮೂರು ಮಾತು ಜೋಡಿಸಿ ಹೇಳುತ್ತಿದ್ದಾಳೆ ನನ್ನ ಕೂಸು! ಇಷ್ಟು ದಿನದ ಮೇಲೂ ಅವಳ ಬೆರಳು ಒಂದನ್ನೂ ಮರೆತಿಲ್ಲ! ಅಕ್ಕಿಯ ಮೊರ ಬದಿಗಿಟ್ಟು ಅವಳೆದುರು ಕೂತೆ.

ಮೊದಲನೆಯದು ಮೇಲಿನ ಮೂಲೆ. ಅದು ಆಯಿ. ನನ್ನನ್ನು ಕರೆಯುವಾಗ ಅವಳ ಕೈ ಚಾಚಿ ಟ್ಯಾಬಿನ ಅಂಚಿಗೆ ಬಡಿಯುತ್ತಿತ್ತು, ಆ ಸದ್ದು ನನಗೆ ನೆನಪಿದೆ. ಎರಡನೆಯದು ಕೆಳಗಿನದು. ಅದು ಬ್ಯಾಡ. ಬ್ಯಾಡ ಎನ್ನುವಾಗ ಗೆಣ್ಣಿನಿಂದ ಕುಟ್ಟುತ್ತಿದ್ದಳು, ಈಗಲೂ ಕುಟ್ಟಿದಳು. ಮೂರನೆಯದು ನಡುವೆ ಎಲ್ಲೋ, ಬಲಕ್ಕೆ. ಅದು ಏನು?

ಸೊಸೆಯನ್ನು ಕೂಗಿದೆ. "ಅಲ್ಲಿ ಸಿಟ್ಟು ಇತ್ತಲ್ರಿ ಅತ್ತಿ?" ಎಂದಳು. ಆಮೇಲೆ, "ಅಲ್ಲಲ್ಲ, ನೋವು ಇತ್ತೇನೋ. ಹೋಗು ಅಂತಿತ್ತೇನೋ" ಎಂದಳು. ಮೇಡಂಗೆ ಕೇಳಿದೆವು. ಒಂದೊಂದು ಮಗುವಿನದು ಒಂದೊಂದು ಥರ ಜೋಡಿಸಿದ್ದೆವು, ನೆನಪಿಲ್ಲ ಎಂದರು.

ಆಯಿ, ಬ್ಯಾಡ. ಏನವ್ವಾ ಬ್ಯಾಡ? ಸಿಟ್ಟು ಮಾಡಬ್ಯಾಡಾ? ಅಳಬ್ಯಾಡಾ? ಹೋಗಬ್ಯಾಡಾ? ನೋವು ಬ್ಯಾಡಾ? ಎಲ್ಲಿ ನೋವೈತಿ, ತೋರ್ಸು. ಊಟ ಬ್ಯಾಡಾ? ಈ ಡಬ್ಬಿ ಬ್ಯಾಡಾ? ಒಂದೊಂದಕ್ಕೂ ಅವಳ ತಲೆ ಅಲುಗಿತು, ಯಾವಾಗಲೂ ಅಲುಗುವ ಹಾಗೆಯೇ. ಅವಳು ಒತ್ತುತ್ತಲೇ ಇದ್ದಳು. ಬೆರಳ ತುದಿ ಕೆಂಪಾಯಿತು. ನಾಯಿ, ಕೆಂಪು, ಮುಗಿಯಿತು. ನಾಯಿ, ಕೆಂಪು, ಮುಗಿಯಿತು. ಕೊನೆಗೆ ಬೆರಳು ನಿಂತಿತು. ಟ್ಯಾಬನ್ನು ಕಾಲಿನಿಂದ ಮೆಲ್ಲಗೆ ದೂರ ತಳ್ಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಳಲೂ ಇಲ್ಲ.

ಅದಾದ ಮೇಲೆ ಅವಳು ಅದನ್ನು ಮುಟ್ಟಿಲ್ಲ. ಅವತ್ತು ನನ್ನನ್ನು ಕರೆದು ಏನೋ ಒಂದು ಬೇಡ ಎಂದಳು. ಆ ಮೂರನೆಯ ಮಾತನ್ನು ಮಂಡಕ್ಕಿ ಚೀಲಗಳ ನಡುವೆ ಕೂತು ನನ್ನ ಬಾಯಿಂದ ನಾನೇ ಹೇಳಿದ್ದೆ. ಯಾವ ಮಾತು ಅದು ಎಂದು ಈಗ ಹೇಳಬಲ್ಲವರು ಯಾರೂ ಇಲ್ಲ. ಅದು ಬೇಡವೆಂದು ಅವಳು ಹೇಳಿದ ಮೇಲೂ ನಾವು ಅದನ್ನು ದಿನವೂ ಮಾಡುತ್ತಿರಬಹುದು.